ದೈತ್ಯನ ತಾಯಿಯ ಮನೆ

ಅತುಲನಿಗೆ ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಬೆಳ್ಳಿಬಣ್ಣದ ಗದೆ ಕೊಟ್ಟ ದಿನ ವೃಂದಾ ಮೊದಲ ಸಾಲಿನಲ್ಲಿಯೇ ಕೂತಿದ್ದಳು. ಹುಬ್ಬಳ್ಳಿಯ ಹೊರವಲಯದ ತಾರಿಹಾಳದ ಸಣ್ಣ ಸಣ್ಣ ಕಾರ್ಖಾನೆಗಳವರೆಲ್ಲ ಸೇರಿ ಒಂದು ಖಾಲಿ ಶೆಡ್ಡಿನಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಹಿಂದೆ ಕಟ್ಟಿದ ಬ್ಯಾನರಿನಲ್ಲಿ ಅತುಲನ ಆಳೆತ್ತರದ ಫೋಟೋ, ಕೆಳಗೆ ‘ಮಕ್ಕಳ ರಕ್ಷಕ’ ಎಂದು ಕೆಂಪು ಅಕ್ಷರ. ಭಾಷಣ ಮಾಡುತ್ತಿದ್ದವರು, “ಇಂಥಾ ಗಂಡು ಮಗನ್ನ ಹಡದ ತಾಯಿ ಇಲ್ಲೇ ಕುಂತಾರ. ಅವರಿಗೂ ಒಂದು ಚಪ್ಪಾಳಿ ಹೊಡೀರಿ” ಎಂದಾಗ ವೃಂದಾ ಎದ್ದು ನಿಂತು, ಹಿಂದಕ್ಕೆ ತಿರುಗಿ, ಎಲ್ಲರಿಗೂ ಕೈ ಮುಗಿದಳು. ವೇದಿಕೆಯ ಮೇಲೆ ಅತುಲ ಮಾತ್ರ ಗದೆಯನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಲೇ ಇದ್ದ.

ನಡೆದದ್ದು ಇಷ್ಟು. ಆ ಮಳೆಗಾಲದಲ್ಲಿ ಹುಬ್ಬಳ್ಳಿಯ ತುಂಬ ಮಕ್ಕಳ ಕಳ್ಳರ ಸುದ್ದಿ ಹಬ್ಬಿತ್ತು. ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹಾರುತ್ತಿದ್ದ ವಿಡಿಯೋಗಳಲ್ಲಿ ಯಾವುದೋ ಊರಿನಲ್ಲಿ ಯಾರೋ ಕೂಸನ್ನೆತ್ತಿಕೊಂಡು ಓಡುತ್ತಿದ್ದರು. ಕೆಳಗೆ ‘ನಿಮ್ಮ ಓಣಿಗೂ ಬಂದಾರು, ಹುಷಾರ್’ ಎಂದು ಬರೆದಿರುತ್ತಿತ್ತು. ಅಂಥದರಲ್ಲಿ ಒಂದು ಮಧ್ಯಾಹ್ನ ಅತುಲನ ವರ್ಕ್‌ಶಾಪಿನ ಹಿಂದಿನ ರಸ್ತೆಯಲ್ಲಿ ಒಬ್ಬ ದೈತ್ಯ ಕಾಣಿಸಿಕೊಂಡ. ದೈತ್ಯ ಎಂದೇ ಎಲ್ಲರೂ ಹೇಳಿದರು. ಬಾಗಿಲಿಗೆ ತಲೆ ತಾಗುವಂಥ ಎತ್ತರ, ಮೊರದಂಥ ಕೈಗಳು, ಮುಂದಕ್ಕೆ ಚಾಚಿದ ದವಡೆ, ಉಬ್ಬಿದ ಹಣೆ. ತೋಳಿನಲ್ಲಿ ಮೈಯೆಲ್ಲ ರಾಡಿಯಾಗಿ ಕಿರುಚಿ ಅಳುತ್ತಿದ್ದ ಒಂದು ಹೆಣ್ಣು ಕೂಸು. ಯಾರೋ “ಕಳ್ಳ! ಕೂಸಿನ ಕಳ್ಳ!” ಎಂದು ಕೂಗಿದರು. ಶೆಡ್ಡುಗಳಿಂದ ಜನ ಹೊರಬಿದ್ದರು. ಸುತ್ತುಗಟ್ಟಿ ನಿಂತರೇ ಹೊರತು ಹತ್ತಿರ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ಲೇಥ್ ಮಶೀನಿನ ಪಕ್ಕದಲ್ಲಿದ್ದ ಕಬ್ಬಿಣದ ಸರಳು ಹಿಡಿದು ಮುಂದೆ ಹೋದವನು ಅತುಲ. ಯಾರದೋ ಫೋನು ಅದನ್ನು ಹಿಡಿದಿತ್ತು: ದೈತ್ಯ, ಅಳುವ ಕೂಸು, ಸರಳು ಎತ್ತಿದ ತರುಣ. ಸರಳು ಮೇಲೆದ್ದಲ್ಲಿಗೆ ವಿಡಿಯೋ ಮುಗಿಯುತ್ತಿತ್ತು. ಆ ಮನುಷ್ಯ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದ.

ಪೊಲೀಸರು ಕರೆಸಿ ಕೇಳಿದರು. ಕೂಸನ್ನು ಬಿಡಿಸಿಕೊಳ್ಳಲು ಹೊಡೆದೆ, ಆಮೇಲೆ ಜನ ಮುಗಿಬಿದ್ದರು, ಯಾರ ಏಟು ಎಲ್ಲಿ ಬಿತ್ತೋ ತಿಳಿಯದು ಎಂದು ಅತುಲ ಹೇಳಿದ. ಅಲ್ಲಿದ್ದವರೂ ಅದನ್ನೇ ಹೇಳಿದರು. ಅವನ ತಂದೆ ತ್ರ್ಯಂಬಕ ಧಾರವಾಡದಲ್ಲಿ ಹೆಸರಿದ್ದ ವಕೀಲ. ಜಾಮೀನಿಗೆ ತಡವಾಗಲಿಲ್ಲ. ಕೂಸಿನ ಅಪ್ಪ-ಅವ್ವ ದೂರದ ಊರಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕೋರ್ಟು-ಕಚೇರಿಯ ಅಂಜಿಕೆಗೆ ಗಂಟುಮೂಟೆ ಕಟ್ಟಿಕೊಂಡು ಹೊರಟೇಹೋದರು. ಸತ್ತವನು ಬೆಂಗೇರಿಯ ರೊಟ್ಟಿ ಮಾರುವ ಹೆಂಗಸಿನ ಮಗನಂತೆ, ಮಾತು ಬಾರದವನಂತೆ ಎಂದು ಪತ್ರಿಕೆಯೊಂದರ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು. ವೃಂದಾ ಅದನ್ನು ಓದಿದ್ದಳು. ಓದಿ ಪತ್ರಿಕೆ ಮಡಚಿಟ್ಟಿದ್ದಳು.

ವೃಂದಾ ಧಾರವಾಡದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕಿ. ದೇಶ-ವಿದೇಶಗಳ ಪುರಾತನ ವೀರಕಾವ್ಯಗಳು, ನಾಲ್ಕು ಶತಮಾನದ ಹಿಂದಿನ ಯುರೋಪಿನ ರಾಜರ ಕಾಲದ ನಾಟಕಗಳು ಅವಳ ಪಾಠ. ವೀರರ ತಾಯಂದಿರ ಬಗ್ಗೆ ಅವಳು ಬರೆದ ಪ್ರಬಂಧವನ್ನು ಊರ ಪಂಡಿತರು ಇನ್ನೂ ನೆನೆಯುತ್ತಿದ್ದರು. ಅತುಲನಿಗೆ ಆ ಕಥೆಗಳನ್ನೇ ಉಣ್ಣಿಸಿ ಬೆಳೆಸಿದ್ದಳು. ಹುಡುಗ ಹುಟ್ಟಾ ಅಂಜುಬುರುಕ. ಗುಡುಗಿಗೆ ಅಳುವವನು, ನಾಯಿ ಬೊಗಳಿದರೆ ಸೆರಗಿನಲ್ಲಿ ಮುಖ ಮುಚ್ಚುವವನು. ಶಾಲೆಯಲ್ಲಿ ಹೊಡೆಸಿಕೊಂಡು ಬಂದ ದಿನ ವೃಂದಾ ಅವನನ್ನು ಬಾಗಿಲಲ್ಲೇ ತಡೆದು, “ಹೋಗು, ಹೊಡೆದು ಬಾ. ಆಮ್ಯಾಲೆ ಊಟ” ಎಂದು ಹೊರಗೆ ಕಳಿಸಿದ್ದಳು. ಒಂದು ತಾಸು ಬಿಟ್ಟು ತುಟಿ ಒಡೆದುಕೊಂಡು, ಆದರೆ ನಗುತ್ತ ಬಂದ ಮಗನನ್ನು ಅಪ್ಪಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ತ್ರ್ಯಂಬಕ ಆಗ, “ಇದೇನು ಹುಚ್ಚು ನಿಂದು?” ಎಂದು ರೇಗಿದ್ದ. ಅವಳಿಗೆ ಅದು ಹುಚ್ಚೆನಿಸಿರಲಿಲ್ಲ.

ಸನ್ಮಾನವಾಗಿ ಒಂದು ವಾರ ಕಳೆದಿರಬೇಕು. ಭಾನುವಾರದ ಮಧ್ಯಾಹ್ನ. ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ತ್ರ್ಯಂಬಕ ಊಟ ಮಾಡಿ ಮಲಗಿದ್ದ. ವೃಂದಾ ಹಿತ್ತಲ ಪಡಸಾಲೆಯಲ್ಲಿ ಮೆಂತ್ಯೆ ಪಲ್ಲೆ ಸೋಸಿ ಎಲೆ ಬಿಡಿಸುತ್ತಿದ್ದಾಗ ಅತುಲ ಬಂದು ಎದುರಿಗೆ ನೆಲದ ಮೇಲೆ ಕೂತ. ಸರಿಯಾಗಿ ಊಟ ಮಾಡದೆ ಎಷ್ಟೋ ದಿನವಾಗಿತ್ತು. ಮುಖ ಬತ್ತಿತ್ತು.

“ಅಮ್ಮಾ, ಒಂದು ಮಾತು ಹೇಳಬೇಕಾಗ್ಯದ.”

“ಹೇಳು.”

“ಆ ಮನುಷ್ಯಾ ಕೂಸನ್ನ ಕದ್ದಿರಲಿಲ್ಲ.”

ವೃಂದಾ ಕೈಯಲ್ಲಿದ್ದ ಪಲ್ಲೆಯನ್ನು ಬುಟ್ಟಿಗೆ ಹಾಕಿದಳು. “ನಿನಗ ಹೆಂಗ ಗೊತ್ತು?”

“ನಾ ಸರಳು ಎತ್ತಿದ ಕೂಡ್ಲೇ ಕೂಸನ್ನ ಕೆಳಗ ಇಳಿಸಿದ. ಸಾವಕಾಶ ಇಳಿಸಿದ, ಗಾಜಿನ ಸಾಮಾನು ಇಟ್ಟಂಗ. ಅದು ಓಡಿ ಹೋಗಲಿಲ್ಲಮ್ಮಾ. ಅವನ ಕಾಲು ಹಿಡ್ಕೊಂಡು ನಿಂತಿತ್ತು. ಯಾರೋ ಬಂದು ಎಳ್ಕೊಂಡು ಹೋದ್ರು. ಮೊದಲನೇ ಏಟು ಭುಜಕ್ಕ ಬಿತ್ತು. ಅವ ಕೂತುಬಿಟ್ಟ. ಹಿಂದಿನ ಗಟಾರದ ಕಡೆ ಕೈ ಮಾಡಿ ತೋರಿಸ್ಲಿಕ್ಕೆ ಹತ್ತಿದ. ಕೂಸು ಗಟಾರದಾಗ ಬಿದ್ದಿತ್ತು, ನಾ ಎತ್ತೇನಿ ಅಂತ ಹೇಳ್ಲಿಕ್ಕೆ ಹತ್ತಾನ ಅನ್ನೋದು ನನಗ ತಿಳೀತು. ಆಗಲೇ ತಿಳೀತು. ಮನಿಗೆ ಬಂದ ಮ್ಯಾಲೆ ಅಲ್ಲ.”

“ಆಮ್ಯಾಲೆ?”

“ಕೈ ಮುಗಿದ. ಅವ್ವಾ ಅಂದ. ಮತ್ತೊಮ್ಮೆ ಅವ್ವಾ ಅಂದ. ಆಮ್ಯಾಲೆ ನಾ ತಲಿಗೆ ಹೊಡದೆ.” ಅತುಲ ತನ್ನ ಅಂಗೈ ನೋಡಿಕೊಂಡ. “ಜನ ಮುಗಿಬಿದ್ದದ್ದು ಅದರ ನಂತರ. ಅಷ್ಟರಾಗ ಅವ ಮಲಗಿಬಿಟ್ಟಿದ್ದ.”

“ಯಾಕೋ, ಅತುಲ? ತಿಳದ ಮ್ಯಾಲೂ ಯಾಕ ಹೊಡದಿ?”

ಅವನು ನೆಲದ ಮೇಲೆ ಬಿದ್ದಿದ್ದ ಮೆಂತ್ಯೆ ಎಲೆಯೊಂದನ್ನು ಎತ್ತಿ ಬುಟ್ಟಿಗೆ ಹಾಕಿದ. “ಎಲ್ಲಾರೂ ನೋಡ್ಲಿಕ್ಕೆ ಹತ್ತಿದ್ರು. ಹೊಡಿ, ಹೊಡಿ ಅನ್ಲಿಕ್ಕೆ ಹತ್ತಿದ್ರು. ಸರಳು ಮ್ಯಾಲೆ ಎತ್ತಿ ಹಿಡಿದಿದ್ದೆ. ಅದನ್ನ ಕೆಳಗ ಇಳಿಸೋದು ಹೆಂಗಂತ ತಿಳೀಲಿಲ್ಲ.”

ಒಳಗೆ ತ್ರ್ಯಂಬಕನ ಗೊರಕೆ ಕೇಳುತ್ತಿತ್ತು. ವೃಂದಾ ಮೊದಲು ಎದ್ದು ನಡುಮನೆಯ ಬಾಗಿಲು ಎಳೆದು ಮುಚ್ಚಿ ಬಂದಳು. “ಅಪ್ಪಗ ಹೇಳೀಯೇನು?”

“ಇಲ್ಲ.”

“ಯಾರಿಗೂ ಹೇಳಬ್ಯಾಡ. ಕನಸಿನ್ಯಾಗೂ ಹೇಳಬ್ಯಾಡ.” ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವನು ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೆಯೇ, ಸದ್ದು ಹೊರಬೀಳದಂತೆ, ಅವಳ ಸೀರೆಯನ್ನು ಬಾಯಿಗೆ ತುರುಕಿಕೊಂಡು ಅತ್ತ. ಆ ಹೊತ್ತಿನಲ್ಲಿ ವೃಂದಾಳ ಮನಸ್ಸಿನಲ್ಲಿ ಸತ್ತವನಿಗೆ ಜಾಗವೇ ಇರಲಿಲ್ಲ. ಇವನನ್ನು ಹೇಗೆ ಉಳಿಸಿಕೊಳ್ಳಲಿ ಎಂಬುದೊಂದೇ ಇತ್ತು.

ಆಮೇಲೆ ಅವಳಿಗೆ ನಿದ್ದೆ ಕೆಟ್ಟಿತು. ಅಡಿಗೆ ಮಾಡುವಾಗ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಓಣಿಯಲ್ಲಿ ಯಾವ ಹುಡುಗ “ಅವ್ವಾ” ಎಂದು ಕೂಗಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಹೋಗಿ ನೋಡುತ್ತಿದ್ದಳು. ಕಾಲೇಜಿನಲ್ಲಿ ಸಹೋದ್ಯೋಗಿಗಳು ಚಹಾ ಕುಡಿಯುವಾಗ, “ಪುಸ್ತಕದಾಗಿನ ವೀರರನ್ನ ಕಲಿಸಿ ಕಲಿಸಿ ಮನ್ಯಾಗ ಒಬ್ಬನ್ನ ತಯಾರು ಮಾಡೀರಿ ನೋಡ್ರಿ” ಎಂದು ಮೆಚ್ಚಿ ಹೇಳುತ್ತಿದ್ದರು. ಅವಳು ನಗುತ್ತಿದ್ದಳು.

ಒಂದು ದಿನ ಎಂ.ಎ. ತರಗತಿಯಲ್ಲಿ ಪುರಾತನ ಕಾವ್ಯಗಳ ದೈತ್ಯವಧೆಯ ಪ್ರಸಂಗಗಳ ಪಾಠ ನಡೆದಿತ್ತು. ವೀರ ಊರಿನ ಕಂಟಕ ಕಳೆಯುತ್ತಾನೆ, ಜನ ಹಾಡಿ ಹೊಗಳುತ್ತಾರೆ, ಎಲ್ಲೋ ಕತ್ತಲಲ್ಲಿ ಸತ್ತ ದೈತ್ಯನ ತಾಯಿ ಎದೆ ಬಡಿದುಕೊಳ್ಳುತ್ತಾಳೆ, ಅವಳ ಅಳುವನ್ನು ಕವಿ ಘರ್ಜನೆ ಎಂದು ಬರೆಯುತ್ತಾನೆ — ಹೀಗೆ ಅವಳು ವರ್ಷಗಟ್ಟಲೆ ಹೇಳಿದ್ದನ್ನೇ ಹೇಳುತ್ತಿದ್ದಳು. ನಂತರದ ಕಾಲದ ನಾಟಕಗಳಿಗೆ ಬಂದು, ಮಗನನ್ನು ಯುದ್ಧಕ್ಕೆ ಕಳಿಸಿ ಹಿಗ್ಗುವ ತಾಯಂದಿರ ಮಾತು ತೆಗೆದಳು. ಹಿಂದಿನ ಬೆಂಚಿನಲ್ಲಿ ಶಾಂಭವಿ ಎಂಬ ಹುಡುಗಿ ಎದ್ದು ನಿಂತಳು.

“ಮೇಡಂ, ವೀರನ ತಾಯಿ ಹೋಗಿ ದೈತ್ಯನ ತಾಯಿನ್ನ ಭೆಟ್ಟಿ ಆಗೋದು ಯಾವ ಕಾವ್ಯದಾಗರ ಐತೇನ್ರಿ?”

ಹುಡುಗಿ ಚುಚ್ಚಿ ಕೇಳಿದಳೋ ಮುಗ್ಧವಾಗಿ ಕೇಳಿದಳೋ ವೃಂದಾಳಿಗೆ ಗೊತ್ತಾಗಲಿಲ್ಲ. ತರಗತಿಯಲ್ಲಿ ಮಾತ್ರ ಯಾರೂ ಮಿಸುಕಲಿಲ್ಲ. ವಿಡಿಯೋ ಎಲ್ಲರೂ ನೋಡಿದ್ದರು.

“ನಾ ಓದಿದ್ದರಾಗ ಇಲ್ಲ,” ಎಂದಳು ವೃಂದಾ. ಪುಸ್ತಕ ಮುಚ್ಚಿದಳು. ತಾಸು ಮುಗಿಯುವ ಮೊದಲೇ ತರಗತಿ ಬಿಟ್ಟಳು. ಮನೆಗೆ ಹೋಗಲಿಲ್ಲ. ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಬೆಂಗೇರಿಯಲ್ಲಿ ರೊಟ್ಟಿ ಮಾರುವ ಹೆಂಗಸಿನ ಮನೆಯನ್ನು ಕೇಳಿದರೆ ಆಟೋದವನೇ ಓಣಿಯ ತುದಿಗೆ ತಂದು ಬಿಟ್ಟ. ತಗಡಿನ ಮಾಡಿನ ಎರಡು ಕೋಣೆಯ ಮನೆ. ಬಾಗಿಲು ಮಾತ್ರ ಸುತ್ತಲಿನ ಎಲ್ಲ ಮನೆಗಳ ಬಾಗಿಲಿಗಿಂತ ಎತ್ತರ, ಗೋಡೆ ಒಡೆದು ಎತ್ತರಿಸಿದ್ದು ಕಾಣುತ್ತಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ವೃಂದಾ ಹೊರಗೆ ನಿಂತು ಕೆಮ್ಮಿದಳು.

“ಯಾರ್ರೀ? ರೊಟ್ಟಿ ಬೇಕಾಗಿದ್ವೇನ್ರಿ?” ಒಲೆಯ ಮುಂದೆ ಕೂತಿದ್ದ ಹೆಂಗಸು ತಲೆ ಎತ್ತಿದಳು. ಮುರಿಗೆವ್ವ. ಸಣಕಲು ಮೈ, ಹಣೆಯ ಮೇಲೆ ವಿಭೂತಿ, ಮೊಳಕೈವರೆಗೆ ಜೋಳದ ಹಿಟ್ಟು.

“ಅಲ್ರಿ. ನಿಮ್ಮ ಮಗನ ಸುದ್ದಿ ಕೇಳಿ ಬಂದೆ.”

“ಪೇಪರಿನವರೇನ್ರಿ?”

“ಅಲ್ರಿ. ಧಾರವಾಡದಾಗ ಕಾಲೇಜಿನ್ಯಾಗ ಕಲಿಸ್ತೇನಿ.”

“ಒಳಗ ಬರ್ರಿ. ಹೊರಗ ನಿಂತ್ರ ಮಂದಿ ನೋಡ್ತಾರ.”

ವೃಂದಾ ಮಣೆಯ ಮೇಲೆ ಕೂತಳು. ಮುರಿಗೆವ್ವ ಕೈ ನಿಲ್ಲಿಸಲಿಲ್ಲ. ಹಿಟ್ಟು ನಾದುತ್ತ, ಬಡಿಯುತ್ತ, ಹಂಚಿನ ಮೇಲೆ ಹಾಕುತ್ತ, ಕೇಳದಿದ್ದರೂ ತಾನಾಗಿಯೇ ಹೇಳತೊಡಗಿದಳು. ಆ ಮನೆಗೆ ಬಂದು ಅವನ ಮಾತು ಎತ್ತಿದವರು ಬಹಳ ಜನ ಇದ್ದಿರಲಿಕ್ಕಿಲ್ಲ.

“ಶಾಂತಯ್ಯ ಅಂತ ಹೆಸರು ಇಟ್ಟಿದ್ವಿರಿ. ಹುಟ್ಟಿದಾಗ ಇಷ್ಟ ಇದ್ದ ನೋಡ್ರಿ.” ಮೊಳಕೈಯಿಂದ ಅಂಗೈವರೆಗೆ ತೋರಿಸಿದಳು. “ಹಾಲು ಕುಡಿಯಾಕ ತ್ರಾಣ ಇರಲಿಲ್ಲ. ಹತ್ತಿ ಅರಳಿ ಹಾಲಿನ್ಯಾಗ ಅದ್ದಿ ಬಾಯಾಗ ಹಿಂಡಿ ಉಳಿಸ್ಕೊಂಡೆ. ಸಾಲಿಗೆ ಹೋಗೂ ವಯಸ್ಸಿನ್ಯಾಗ ಬೆಳಿಯಾಕ ಹತ್ತಿದಾ, ನಿಂದ್ರಲೇ ಇಲ್ಲ. ತಲ್ಯಾಗ ಗಂಟ ಐತಿ, ಅದಕ್ಕ ಹಿಂಗ ಅಂದ್ರು ಡಾಕ್ಟರು. ಮೈ ಅಷ್ಟ ಬೆಳೀತು. ಒಳಗಿನಾಂವ ಸಣ್ಣಾವನ ಉಳದ.”

ವೃಂದಾ ಆ ಎತ್ತರದ ಬಾಗಿಲನ್ನು ತಿರುಗಿ ನೋಡಿದಳು.

“ಹೊರಗ ಹೊಂಟ್ರ ಹುಡುಗೂರು ಕಲ್ಲ ಒಗೀತಿದ್ರು. ಬಸರಿ ಹೆಂಗಸರು ಮಾರಿ ತಿರುವತಿದ್ರು. ಅದಕ್ಕ ನಾ ಯಾವಾಗೂ ಅವನ ಮುಂದ ನಡೀತಿದ್ದೆ. ನನ್ನ ನೋಡಿದ್ರ ಮಂದೀದು ಅಂಜಿಕಿ ಹೋಗತಿತ್ತು, ಓ, ಇವನಿಗೂ ಒಬ್ಬಾಕಿ ತಾಯಿ ಅದಾಳ ಅಂತ. ಆವತ್ತ ನನಗ ಜ್ವರ ಬಂದಿದ್ವು. ಕಾರ್ಖಾನಿ ಕ್ಯಾಂಟೀನಿಗೆ ರೊಟ್ಟಿ ಮುಟ್ಟಸಬೇಕಾಗಿತ್ತು. ಒಬ್ಬನ ಹೋದ.”

ಅವಳು ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕಿ, ನೀರು ಸವರಿ, ಮೊದಲ ಸಲ ವೃಂದಾಳ ಮುಖವನ್ನು ನೇರವಾಗಿ ನೋಡಿದಳು.

“ನೀವು ಕಲಿತವ್ರು, ನಿಮಗ ದೊಡ್ಡವರು ಪರಿಚಯ ಇರ್ತಾರ. ನನಗೊಂದು ತಿಳೀಬೇಕಾಗೇತ್ರಿ. ಪೊಲೀಸರನ್ನ ಕೇಳಿದೆ, ಅಲ್ಲಿದ್ದ ಮಂದೀನ ಕೇಳಿದೆ. ಯಾರೂ ಹೇಳವಲ್ರು. ಸಾಯೂ ಮುಂದ ನನ್ನ ಕರದನೇನು? ಅವಗ ಬರ್ತಿದ್ದುದು ಅದೊಂದ ಮಾತು. ಕರೀಲಿಲ್ಲ ಅಂದ್ರ ಲಗೂನ ಜೀವ ಹೋತು, ತ್ರಾಸ ಆಗಲಿಲ್ಲ ಅಂತ ತಿಳ್ಕೋತೇನಿ. ಕರದಿದ್ದ ಅಂದ್ರ…” ಅವಳು ಒಲೆಯೊಳಗೆ ಕಟ್ಟಿಗೆ ಸರಿಸಿದಳು.

ಇಲ್ಲ, ಕರೆಯಲಿಲ್ಲವಂತೆ ಎಂದರೆ ಸಾಕಾಗಿತ್ತು. ಈ ಮುದುಕಿಗೂ ಸಮಾಧಾನ, ತನ್ನ ಮನೆಗೂ ಸುಖ. ವೃಂದಾ ಹಾಗೆ ಹೇಳಲೆಂದೇ ಬಾಯಿ ತೆರೆದಳು. ಆದರೆ ಹೇಳದೆ ಎದ್ದಳು. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಂಡಳು. ಆ ಎತ್ತರದ ಬಾಗಿಲಿನ ಚೌಕಟ್ಟಿಗೆ ಕೈ ಆನಿಸಿ ಒಂದು ಗಳಿಗೆ ನಿಂತಳು. ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

“ಕರದಾನ್ರಿ. ಎರಡು ಸಲ ಅವ್ವಾ ಅಂದಾನ.”

ರೊಟ್ಟಿ ತಿರುವಲು ಹೋದ ಮುರಿಗೆವ್ವನ ಕೈ ಅಲ್ಲಿಯೇ ನಿಂತಿತು. “ನೀವು ಅಲ್ಲಿದ್ರೇನು?”

“ಇಲ್ರಿ. ನನ್ನ ಮಗ ಇದ್ದ.” ವೃಂದಾಳ ಧ್ವನಿ ಅವಳಿಗೇ ಪರಕೀಯವಾಗಿ ಕೇಳಿಸಿತು. “ಹೊಡದವ ನನ್ನ ಮಗ. ಕೂಸು ಗಟಾರದಾಗ ಬಿದ್ದಿತ್ತು, ನಿಮ್ಮ ಮಗ ಅದನ್ನ ಎತ್ತಿದ. ಕೆಳಗ ಇಳಿಸಿ, ಕೂತು, ಕೈ ಮುಗಿದ. ಅದು ತಿಳದ ಮ್ಯಾಲೂ ನನ್ನ ಮಗ ಹೊಡದ. ನನ್ನ ಮುಂದ ಅವನ ಬಾಯಿಲೇ ಹೇಳಿದ.”

ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಏಳತೊಡಗಿತು. ಮುರಿಗೆವ್ವ ಅದನ್ನು ತೆಗೆಯಲಿಲ್ಲ. ಅಳಲೂ ಇಲ್ಲ. ಕೂತಲ್ಲಿಂದಲೇ ಮುಂದಕ್ಕೆ ಬಾಗಿ, ಹಿಟ್ಟು ಮೆತ್ತಿದ ಕೈಯಿಂದ ವೃಂದಾಳ ಮಣಿಕಟ್ಟು ಹಿಡಿದಳು. ಅಷ್ಟು ಸಣ್ಣ ಮೈಯಲ್ಲಿ ಅಂಥ ಹಿಡಿತ ಇರಬಹುದೆಂದು ಯಾರೂ ಎಣಿಸಲಾರರು. ವೃಂದಾಳ ಕೈಯಲ್ಲಿದ್ದ ಗಾಜಿನ ಬಳೆ ಒಡೆದು ಚರ್ಮಕ್ಕೆ ನೆಟ್ಟಿತು.

“ರಸೂಲಬೀ!” ಮುರಿಗೆವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು. “ರಸೂಲಬೀ, ಬಾ ಇಲ್ಲೆ! ಲಗೂ ಬಾ!”

ಪಕ್ಕದ ಮನೆಯ ರಸೂಲಬಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಓಡಿ ಬಂದಳು. ಹಿಂದೆ ಇನ್ನಿಬ್ಬರು ಹೆಂಗಸರು.

“ಈಕಿ ಹೇಳೂದನ್ನ ಕೇಳ್ರಿ,” ಎಂದಳು ಮುರಿಗೆವ್ವ. ಆಮೇಲೆ ವೃಂದಾಳತ್ತ ತಿರುಗಿ, “ಹೇಳ್ರಿ. ಇನ್ನೊಮ್ಮೆ ಹೇಳ್ರಿ.”

ವೃಂದಾ ಇನ್ನೊಮ್ಮೆ ಹೇಳಿದಳು.

ಠಾಣೆಗೆ ಹೋದದ್ದು ರಸೂಲಬಿಯ ಅಣ್ಣನ ಆಟೋದಲ್ಲಿ. ದಾರಿಯುದ್ದಕ್ಕೂ ಮುರಿಗೆವ್ವ ಆ ಮಣಿಕಟ್ಟು ಬಿಡಲಿಲ್ಲ. ಉಣಕಲ್ಲಿನ ಕಡೆಯಿಂದ ಬರುವ ಗಾಡಿಗಳ ಗದ್ದಲದಲ್ಲಿ ಆಟೋ ನಿಂತಾಗ ಅವಳು ಮೆಲ್ಲಗೆ ಕೇಳಿದಳು:

“ಬಿಡಿಸ್ಕೊಂಡು ಓಡ್ತೀರೇನು?”

“ಇಲ್ರಿ.”

“ಓಡೂದಾದ್ರ ಈಗ ಓಡ್ರಿ. ನನ್ನ ಮಗ ಹೊಡದಿದ್ರ ನಾನೂ ಓಡ್ತಿದ್ದೆ.” ಹಾಗೆ ಹೇಳಿದಳೇ ವಿನಾ ಕೈ ಸಡಿಲಿಸಲಿಲ್ಲ.

ಠಾಣೆಯ ಅಧಿಕಾರಿ ವೃಂದಾಳನ್ನು ಗುರುತಿಸಿದ. ಕುರ್ಚಿ ಹಾಕಿಸಿ, ನೀರು ಕೊಡಿಸಿ, ತ್ರ್ಯಂಬಕನಿಗೆ ಫೋನು ಮಾಡಿದ. ಧಾರವಾಡದಿಂದ ಕಾರು ಹಾರಿಸಿಕೊಂಡು ಬಂದ ತ್ರ್ಯಂಬಕ ಅವಳನ್ನು ಹೊರಗಿನ ಜಗಲಿಗೆ ಕರೆದೊಯ್ದ. ಅವನ ಅಂಗಿಯ ಗುಂಡಿಗಳು ತಪ್ಪು ಕಾಜಿಗೆ ಬಿದ್ದಿದ್ದವು. ಮೂವತ್ತು ವರ್ಷದ ಸಂಸಾರದಲ್ಲಿ ವೃಂದಾ ಅವನನ್ನು ಹಾಗೆ ನೋಡಿರಲಿಲ್ಲ.

“ಏನು ಮಾಡ್ಲಿಕ್ಕೆ ಹತ್ತೀ, ವೃಂದಾ? ಒಂದು ಮಾತು ಹೇಳು, ಸಾಕು. ಆ ಮುದುಕಿ ಅಳೋದು ನೋಡಿ ತಲಿ ಕೆಟ್ಟು ಏನೇನೋ ಅಂದೆ ಅಂತ. ಬಾಕಿದ್ದು ನಾ ನೋಡ್ಕೋತೇನಿ.”

“ಆಕಿ ಅಳಲಿಲ್ಲರಿ. ನಾ ಸುಳ್ಳೂ ಹೇಳಿಲ್ಲ.”

“ಸತ್ತವ ಸತ್ತ. ನಮ್ಮವ ಇನ್ನೂ ಬದುಕ್ಯಾನ. ಅವ ನಿನ್ನ ನಂಬಿ ಹೇಳಿದ, ವೃಂದಾ. ನನಗ ಸುದ್ದಾ ಹೇಳಲಿಲ್ಲ, ತಾಯಿ ಅಂತ ನಿನಗ ಹೇಳಿದ.”

“ಹೌದು,” ಎಂದಳು ವೃಂದಾ. “ನಂಬಿ ಹೇಳಿದ.”

ಒಳಗೆ ಹೋಗಿ ಹೇಳಿಕೆ ಕೊಟ್ಟಳು. ಮರುದಿನ ಮ್ಯಾಜಿಸ್ಟ್ರೇಟರ ಎದುರೂ ಅದನ್ನೇ ಹೇಳಿ ಸಹಿ ಹಾಕಿದಳು. ಅದರ ಮಾರನೆಯ ಬೆಳಿಗ್ಗೆ ಪೊಲೀಸರು ಮಾಳಮಡ್ಡಿಗೆ ಬಂದಾಗ ಅತುಲ ಅವಲಕ್ಕಿ ತಿನ್ನುತ್ತಿದ್ದ. ಎರಡು ದಿನದಿಂದ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತಾಡಿರಲಿಲ್ಲ. ಏನು ನಡೆದಿದೆಯೆಂದು ಅವನಿಗೆ ಹೇಳುವ ಧೈರ್ಯ ತ್ರ್ಯಂಬಕನಿಗೂ ಬಂದಿರಲಿಲ್ಲ. ಅತುಲ ಬಾಗಿಲಲ್ಲಿ ನಿಂತವರನ್ನು ನೋಡಿದ, ಅಪ್ಪನನ್ನು ನೋಡಿದ, ಕೊನೆಗೆ ಅಡಿಗೆಮನೆಯ ಬಾಗಿಲಲ್ಲಿದ್ದ ತಾಯಿಯನ್ನು ನೋಡಿದ.

“ನೀನಽ?” ಎಂದ.

“ಹೌದು.”

ಅವನು ಕೈ ತೊಳೆದುಕೊಂಡು ಅಂಗಿ ಹಾಕಿಕೊಂಡ. ಹೊರಡುವಾಗ ಕಾಲಿಗೆ ಬೀಳಲಿಲ್ಲ, ತಿರುಗಿಯೂ ನೋಡಲಿಲ್ಲ.

ಸುದ್ದಿ ಊರ ತುಂಬ ಆಯಿತು. ಒಂದು ಬೆಳಿಗ್ಗೆ ನೋಡಿದರೆ ಗೇಟಿನ ಮೇಲೆ ಕಪ್ಪು ಬಣ್ಣದಿಂದ ‘ರಾಕ್ಷಸಿ’ ಎಂದು ಬರೆದಿತ್ತು. ವೃಂದಾಳ ಸ್ವಂತ ಅಕ್ಕ ಫೋನು ಮಾಡಿ, “ಹಾವು ಸುದ್ದಾ ಎಲ್ಲಾ ಮರಿ ತಿನ್ನಂಗಿಲ್ಲ. ನಿನಗ ಇದ್ದದ್ದು ಒಂದು” ಎಂದು ಇಟ್ಟುಬಿಟ್ಟಳು. ತರಗತಿಗೆ ಹುಡುಗರು ಬರುವುದು ಕಡಿಮೆಯಾಯಿತು. ಶಾಂಭವಿ ಬರುತ್ತಿದ್ದಳು, ಆದರೆ ಪ್ರಶ್ನೆ ಕೇಳುತ್ತಿರಲಿಲ್ಲ. ಇನ್ನೊಂದು ದಿನ ಧಾರವಾಡದ ಕೆಲವು ಹೋರಾಟಗಾರರು, ಲೇಖಕರು ಸೇರಿ ಮನೆಗೆ ಬಂದರು. ನ್ಯಾಯಕ್ಕಾಗಿ ಮಗನನ್ನೇ ಕೊಟ್ಟ ವೀರಮಾತೆ ನೀವು, ನಿಮಗೊಂದು ಸನ್ಮಾನ ಇಟ್ಟುಕೊಂಡಿದ್ದೇವೆ ಎಂದರು. ಒಬ್ಬರ ಕೈಯಲ್ಲಿ ಶಾಲು ಇತ್ತು. ವೃಂದಾ ಅವರ ಮುಖದ ಮೇಲೆಯೇ ಬಾಗಿಲು ಹಾಕಿದಳು.

ವಿಚಾರಣೆ ಎರಡು ವರ್ಷ ನಡೆಯಿತು. ವೃಂದಾ ಬಾಯಿಬಿಟ್ಟ ಮೇಲೆ ವರ್ಕ್‌ಶಾಪಿನ ಇಬ್ಬರು ಕೆಲಸಗಾರರೂ ತಾವು ಕಂಡದ್ದನ್ನು ಹೇಳಿದರು. ಅತುಲನ ಪರವಾಗಿ ತ್ರ್ಯಂಬಕ ಬೆಂಗಳೂರಿನಿಂದ ದೊಡ್ಡ ವಕೀಲರನ್ನು ಕರೆಸಿದ್ದ. ಅವರು ವೃಂದಾಳನ್ನು ಕಟಕಟೆಯಲ್ಲಿ ನಿಲ್ಲಿಸಿ ಇಡೀ ಮಧ್ಯಾಹ್ನ ಕೇಳಿದರು. ನೀವು ಕಾವ್ಯ, ನಾಟಕ ಕಲಿಸುವವರಲ್ಲವೇ? ದೈತ್ಯರು, ತಾಯಂದಿರು ನಿಮ್ಮ ಸಂಶೋಧನೆಯ ವಿಷಯವಲ್ಲವೇ? ಓದಿದ ಕಥೆಯನ್ನೇ ಮಗನ ಮೇಲೆ ಹೊರಿಸುತ್ತಿದ್ದೀರಿ ಎಂದರೆ ಏನು ಹೇಳುತ್ತೀರಿ?

“ಓದಿದ ಕಥಿಯಾಗಿದ್ರ ಛಲೋ ಇತ್ತು,” ಎಂದಳು ವೃಂದಾ. “ನನ್ನ ಮಗ ಮನ್ಯಾಗ ಇರ್ತಿದ್ದ.”

ಅತುಲ ತಲೆ ತಗ್ಗಿಸಿ ಕೂತಿದ್ದ. ತಾಯಿ ಹೇಳಿದ್ದು ಸುಳ್ಳೇ ಎಂದು ನ್ಯಾಯಾಧೀಶರು ಕೊನೆಗೆ ಅವನನ್ನೇ ನೇರವಾಗಿ ಕೇಳಿದಾಗ, ಕಲಿಸಿಕೊಟ್ಟ ಉತ್ತರ ಬಿಟ್ಟು ಸುಮ್ಮನೆ ನಿಂತುಬಿಟ್ಟ. ಹತ್ತು ವರ್ಷದ ಶಿಕ್ಷೆಯಾಯಿತು.

ತೀರ್ಪಿನ ದಿನ ಕೋರ್ಟಿನ ಆವರಣದ ಬೇವಿನ ಗಿಡದ ಕೆಳಗೆ ಮುರಿಗೆವ್ವ ರಸೂಲಬಿಯ ಜೊತೆ ಕೂತಿದ್ದಳು. ವೃಂದಾ ಹತ್ತಿರ ಹೋಗಿ ನಿಂತಳು. ಮಾತು ಆಡಲು ಹೋಗಿದ್ದಳೋ, ಬೈಸಿಕೊಳ್ಳಲು ಹೋಗಿದ್ದಳೋ ಅವಳಿಗೇ ಸ್ಪಷ್ಟವಿರಲಿಲ್ಲ. ಮುರಿಗೆವ್ವ ತಲೆ ಎತ್ತಿದಳು. ಇನ್ನಷ್ಟು ಬಡವಾಗಿದ್ದಳು.

“ನೀವು ಹೇಳಿದ್ದು ಛಲೋ ಆತೋ ಕೆಟ್ಟ ಆತೋ ನನಗ ತಿಳಿವಲ್ದು,” ಎಂದಳು. “ಕರದಿದ್ದ ಅಂತ ತಿಳದಾಗಿಂದ ಕಿವ್ಯಾಗ ಅದಽ ಕೇಳ್ತೈತಿ. ರೊಟ್ಟಿ ಬಡಿಯೂ ಮುಂದ ಕೇಳ್ತೈತಿ, ಪೂಜಿ ಮಾಡೂ ಮುಂದ ಕೇಳ್ತೈತಿ. ನಿಮ್ಮ ಮಗ ಹತ್ತು ವರ್ಷಕ್ಕ ಹೊರಗ ಬರ್ತಾನ. ಬರ್ಲಿ. ನೀವು ಮಾತ್ರ ಮತ್ತ ನನ್ನ ಮನಿಗೆ ಬರಬ್ಯಾಡ್ರಿ.”

ವೃಂದಾ ಮತ್ತೆ ಬೆಂಗೇರಿಯ ಕಡೆ ಹೋಗಲಿಲ್ಲ. ಮುರಿಗೆವ್ವ ಈಗಲೂ ತಾರಿಹಾಳದ ಕ್ಯಾಂಟೀನುಗಳಿಗೆ ತಾನೇ ಬುಟ್ಟಿ ಹೊತ್ತು ಹೋಗುತ್ತಾಳೆ ಎಂದು ಯಾರೋ ಹೇಳಿ ಗೊತ್ತಾಯಿತು.

ತ್ರ್ಯಂಬಕ ಮನೆ ಬಿಡಲಿಲ್ಲ, ಬಿಡಿಸಲಿಲ್ಲ. ಮುಂದಿನ ಕೋಣೆಯಲ್ಲಿ ಅವನು, ಹಿಂದಿನ ಕೋಣೆಯಲ್ಲಿ ಅವಳು. ಭೇಟಿಯ ದಿನ ಇಬ್ಬರೂ ಬೇರೆ ಬೇರೆಯಾಗಿ ಜೈಲಿಗೆ ಹೋಗುತ್ತಿದ್ದರು. ಅತುಲ ಅಪ್ಪನನ್ನು ಕಾಣಲು ಹೊರಗೆ ಬರುತ್ತಿದ್ದ. ತಾಯಿಯ ಹೆಸರು ಹೇಳಿದರೆ ಇಲ್ಲ ಎನ್ನುತ್ತಿದ್ದ. ವೃಂದಾ ಹೊರಗಿನ ಕಲ್ಲುಬೆಂಚಿನ ಮೇಲೆ ಭೇಟಿಯ ಹೊತ್ತು ಮುಗಿಯುವವರೆಗೂ ಕೂತು, ಎದ್ದು ಬರುತ್ತಿದ್ದಳು. ಒಂದು ಮಳೆಗಾಲ ಹಾಗೇ ಕಳೆಯಿತು, ಒಂದು ಬೇಸಿಗೆಯೂ ಕಳೆಯಿತು. ಕಾವಲಿನವರು ಅವಳಿಗೆ ನೀರು ಬೇಕೇ ಎಂದು ಕೇಳುವಷ್ಟು ಪರಿಚಯವಾದರು.

ಎರಡನೆಯ ಮಳೆಗಾಲದ ಒಂದು ದಿನ ಕಾವಲಿನವ ಬಂದು, “ಬರ್ರಿ ಅಕ್ಕಾರ, ಒಪ್ಯಾನ” ಎಂದ.

ತಂತಿ ಜಾಳಿಗೆಯ ಆಚೆ ಅತುಲ ಕೂತಿದ್ದ. ಕೂದಲು ಸಣ್ಣಗೆ ಕತ್ತರಿಸಿದ್ದರು. ಕಿವಿಗಳು ದೊಡ್ಡವಾಗಿ ಕಾಣುತ್ತಿದ್ದವು, ಶಾಲೆಯ ಹುಡುಗನ ಹಾಗೆ.

“ಯಾಕ ಬರ್ತಿ?” ಎಂದು ಕೇಳಿದ.

“ನೀ ನನ್ನ ಮಗ.”

“ಆವತ್ತೂ ಮಗನಽ ಇದ್ದೆ.”

“ಹೌದು.”

ಅತುಲ ಜಾಳಿಗೆಯ ತಂತಿಯನ್ನು ಉಗುರಿನಿಂದ ಕೆರೆಯುತ್ತ ಕೂತ. “ಒಳಗ ಇರೋ ಮಂದಿ ಕೇಳ್ತಾರ, ನಿನ್ನ ಯಾರು ಹಿಡಿಸಿ ಕೊಟ್ರು ಅಂತ. ಕೆಲಸಗಾರರು ಅಂತ ಹೇಳೇನಿ. ನಿನ್ನ ಹೆಸರು ಹೇಳಿಲ್ಲ.”

“ಹೇಳಬಹುದಾಗಿತ್ತು.”

“ನಾಚಿಕಿ ಬರ್ತದ,” ಎಂದ ಅವನು. ಯಾರ ಬಗ್ಗೆ ಎಂದು ಅವನು ಬಿಡಿಸಿ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

“ಊಟ ಮಾಡ್ತೀಯೇನು ಸರಿಯಾಗಿ?”

“ಮಾಡ್ತೇನಿ. ಇನ್ನ ಬರಬ್ಯಾಡ. ನಾ ಮತ್ತ ಭೆಟ್ಟಿ ಆಗಂಗಿಲ್ಲ.”

“ಆಗಬ್ಯಾಡ. ನಾ ಬರ್ತೇನಿ.”

ಹೊತ್ತಾಯಿತೆಂದು ಒಳಗಿನಿಂದ ಕೂಗಿದರು. ಅತುಲ ಎದ್ದ. ಕುರ್ಚಿ ಹಿಂದಕ್ಕೆ ಸರಿಸಿ ಹೊರಟುಹೋದ. ವೃಂದಾ ಖಾಲಿ ಕುರ್ಚಿಯನ್ನು ನೋಡುತ್ತ ಕೂತೇ ಇದ್ದಳು. ಹಿಂದೆ ಸರದಿಯಲ್ಲಿ ನಿಂತಿದ್ದ ಹೆಂಗಸು, “ಅಕ್ಕಾರ, ನನ್ನ ಮಗ ಬಂದ್ನರಿ” ಎಂದು ಮೆಲ್ಲಗೆ ಹೇಳಿದಾಗ ಎದ್ದು ಅವಳಿಗೆ ಜಾಗ ಬಿಟ್ಟಳು.